ಬಿಲ್ಲಿನಲ್ಲಿ ಮಿಲ್ಲಿನ ಹೆಸರಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 34 ವರ್ಷ. ಅಕ್ಕಲಕೋಟೆ ಕಡೆಯ ಹಳ್ಳಿಯವರು. ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನೆಯಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತಾರೆ. ನಿದ್ದೆ ಬರುತ್ತಿಲ್ಲ, ಮನೆಯಲ್ಲಿ ಸುಮ್ನೆ ರೇಗುತ್ತೇನೆ ಎಂದು ಸಲಹೆಗೆ ನನ್ನ ಬಳಿ ಬಂದಿದ್ದರು. ಎರಡನೇ ಭೇಟಿಯಲ್ಲಿ ವಿಷಯ ಹೊರಬಂತು.

ಹತ್ತಿ ಯಾವ ದೇಶದ್ದು, ಬಲವಂತದ ದುಡಿಮೆಯದ್ದೇ ಎಂದು ಕೇಳುವ ಫಾರ್ಮ್ ಹೊರದೇಶದ ಗ್ರಾಹಕರಿಂದ ಬರುತ್ತದೆ. ಕಾರ್ಖಾನೆ ದಲ್ಲಾಳಿಯಿಂದ ಅಗ್ಗದ ಆಮದು ನೂಲು ಕೊಂಡಿತ್ತು. ಬಿಲ್ಲಿನಲ್ಲಿ ಮಿಲ್ಲಿನ ಹೆಸರೇ ಇಲ್ಲ. ‘ಎಲ್ಲಾ ಸರಿ ಇದೆ ಅಂತ ಬರೆದುಬಿಡು’ ಎಂದರು ಮಾಲಕರು. ಇವರು ಸಹಿ ಹಾಕಿದರು. ಆಮೇಲೆ ದಲ್ಲಾಳಿಯ ಬಾಯಲ್ಲಿ ತುರ್ಕ್‌ಮೆನಿಸ್ತಾನದ ಹೆಸರು ಕಿವಿಗೆ ಬಿತ್ತು.

ಅಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಸರ್ಕಾರವೇ ಶಿಕ್ಷಕರನ್ನು, ವೈದ್ಯರನ್ನು ಹೊಲಕ್ಕೆ ಅಟ್ಟುತ್ತ ಬಂದಿದೆ. ಹೋಗದವರು ಕೈಯಿಂದ ದುಡ್ಡು ಹಾಕಿ ಬದಲಿ ಆಳು ಕಳಿಸಬೇಕು. ಅಮೆರಿಕ 2018ರಲ್ಲೇ ಆ ಹತ್ತಿಯ ಮಾಲನ್ನು ತಡೆಯಿತು. ಇವರ ಹೆಂಡತಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಟೀಚರ್. ‘ಆಕಿನ್ನ ಯಾರರ ಹಿಂಗ ಅಟ್ಟಿದ್ರ ನಾ ಸುಮ್ಕ ಇರ್ತಿದ್ನೇನ್ರಿ ಅಕ್ಕಾರ?’ ಎಂದವರು ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿನ ಭೇಟಿಗೆ ಮೊದಲು ನಾನೂ ಕೂತು ಈ ಬಗ್ಗೆ ಓದಿದೆ. ಮೊದಲು ಹೆಂಡತಿಗೆ ಹೇಳಿ, ಒಬ್ಬರೇ ಹೊರಬೇಡಿ ಎಂದೆ. ಕೆಲಸ ಹೋದೀತೆಂಬ ಭಯವನ್ನು ನಾನು ತಳ್ಳಿಹಾಕಲಿಲ್ಲ. ಮನೆ ಸಾಲದ ಕಂತು ಇದೆ. ಜಗಳ ಬೇಡ, ಮಾಲಕರಿಗೆ ಒಂದು ಪುಟದ ಪತ್ರ ಕೊಡಿ, ಪ್ರತಿ ಇಟ್ಟುಕೊಳ್ಳಿ. ದಲ್ಲಾಳಿ ನೂಲಿನ ಗಿರಣಿ, ಹತ್ತಿಯ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್, ಬೇಲ್ (ಹತ್ತಿ ಮೂಟೆ) ನಂಬರ್ ಎಲ್ಲ ಕೊಡಲಿ. ಅಲ್ಲಿಯವರೆಗೆ ಆ ನೂಲಿನ ಚೀಲಗಳನ್ನು ಬೇರೆ ಇಡಿ. ಗ್ರಾಹಕರಿಗೆ ‘ಈ ಲಾಟಿನ ಮೂಲ ಖಚಿತವಾಗಿಲ್ಲ, ವಿಚಾರಿಸುತ್ತಿದ್ದೇವೆ’ ಎಂದು ತಿದ್ದಿದ ಉತ್ತರ ಹೋಗಲಿ.

‘ನಾವು ಕೊಳ್ಳೋದು ಬಿಟ್ಟರೆ ಅಲ್ಲಿನ ಬಡವರಿಗೇ ನಷ್ಟ ಅಲ್ವಾ?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ತಪ್ಪು ಒಬ್ಬ ಮಿಲ್ ಮಾಲಕರದ್ದಾದರೆ ತಕ್ಷಣ ಬಿಟ್ಟು ಓಡಬಾರದು, ಜೊತೆಗಿದ್ದು ಸರಿಪಡಿಸಬೇಕು. ಸರ್ಕಾರವೇ ಬಲವಂತ ಮಾಡುವಲ್ಲಿ ಕೊಳ್ಳುವವರ ಕೈಯಲ್ಲಿ ಏನೂ ಇರುವುದಿಲ್ಲ, ಕೆಲಸಗಾರರು ತನಿಖೆಗೆ ಬಂದವರ ಮುಂದೆ ಬಾಯಿ ಬಿಡುವಂತಿಲ್ಲ. ಅಲ್ಲಿ ಕೊಳ್ಳದಿರುವುದೇ ಸರಿ ಅಂತ ನನಗೆ ಅನಿಸುತ್ತದೆ. ಪಕ್ಕದ ಉಜ್ಬೇಕಿಸ್ತಾನದ ಹತ್ತಿಯನ್ನು ನೂರಾರು ಕಂಪನಿಗಳು ವರ್ಷಗಟ್ಟಲೆ ದೂರವಿಟ್ಟವು. 2021ರ ಕೊಯ್ಲಿನಲ್ಲಿ ಸರ್ಕಾರಿ ಬಲವಂತ ನಿಂತಿತೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿತು, 2022ರಲ್ಲಿ ಬಹಿಷ್ಕಾರದ ಕರೆಯನ್ನೂ ಹಿಂದಕ್ಕೆ ಪಡೆದರು.

ಮೂರು ವಾರದ ನಂತರ ಬಂದರು. ಮಾಲಕರು ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೇ ದಿನ ಇವರ ಮುಂದೆಯೇ ದಲ್ಲಾಳಿಗೆ ಫೋನ್ ಮಾಡಿದರು. ಮಿಲ್ಲಿನ ಹೆಸರು ಇನ್ನೂ ಬಂದಿಲ್ಲ. ಚೀಲಗಳು ಗೋದಾಮಿನ ಮೂಲೆಯಲ್ಲಿವೆ. ತಿದ್ದಿದ ಉತ್ತರ ಹೋಗಿದೆ. ದೀಪಾವಳಿ ಕಳೆದ ಮೇಲೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತಾರೆ.