ಲೆಕ್ಕದ ಪುಟ ಹಾರಿಸಲೇ?

ಪ್ರಶ್ನೆ: 1720ರ ಲಂಡನ್ ಷೇರುಪೇಟೆಯ ಪತ್ತೇದಾರಿ ಕಾದಂಬರಿ ಓದುತ್ತಿದ್ದೇನೆ. ಕೊಲೆ ಚೆನ್ನಾಗಿದೆ, ಸೌತ್ ಸೀ ಕಂಪನಿಯ ಲೆಕ್ಕ ಮಾತ್ರ ತಲೆಗೆ ಹತ್ತುತ್ತಿಲ್ಲ. ಹಾರಿಸಲೇ ಸರ್?
– ಓದುಗರೊಬ್ಬರು, ಶಹಾಬಾದ

ಉತ್ತರ: ಬೇಡ್ರಿ, ಮಜಾ ಇರೋದೇ ಅಲ್ಲಿ! ಸರ್ಕಾರದ ಸಾಲಪತ್ರ ತಂದವರಿಗೆ ಕಂಪನಿ ತನ್ನ ಷೇರು ಕೊಡುತ್ತಿತ್ತು. ಷೇರಿನ ಬೆಲೆ ಏರಿದಷ್ಟೂ ಅದೇ ಸಾಲಕ್ಕೆ ಕಡಿಮೆ ಷೇರು ಕೊಟ್ಟರೆ ಸಾಕು, ಉಳಿದದ್ದನ್ನು ಮಾರಿದರೆ ಲಾಭ. ಹಾಗಾಗಿ ಬೆಲೆ ಏರಿಸೋದೇ ಕಸುಬಾಯಿತು. ಜನವರಿಯಲ್ಲಿ ಸುಮಾರು 130 ಪೌಂಡ್ ಇದ್ದದ್ದು ಬೇಸಿಗೆಯಲ್ಲಿ 1000ದ ಹತ್ತಿರ ಹೋಯಿತು. ವರ್ಷದ ಕೊನೆಗೆ 200ಕ್ಕಿಂತ ಕೆಳಗೆ! ನ್ಯೂಟನ್ ಕೂಡ ದುಡ್ಡು ಕಳೆದುಕೊಂಡ. ಇಷ್ಟು ಗೊತ್ತಿದ್ದರೆ ಯಾರು ಯಾರ ಬಾಯಿ ಮುಚ್ಚಿಸಬೇಕಿತ್ತು ಅಂತ ಊಹಿಸಬಹುದು, ಅಲ್ವಾ? ನನ್ನ ತಕರಾರು ಬೇರೆ. ಇಂಥ ಕಾದಂಬರಿಗಳಲ್ಲಿ ಕಾಫಿ ಅಂಗಡಿಯ ಷೇರು ದಲ್ಲಾಳಿಗಳು ಸುಮ್ನೆ ಭಾಷಣ ಬಿಗಿಯುತ್ತಾರೆ. ಕಲಬುರಗಿ ಗಂಜಿನಲ್ಲಿ ತೊಗರಿ ದಲ್ಲಾಳಿ ಅಷ್ಟು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ.