ಟ್ರಯಂಫ್ ಟಿಆರ್6 ಚಾಸಿಗೆ ತುಕ್ಕು: ವೆಲ್ಡಿಂಗ್ ಸಾಕಾ, ಹೊಸ ಫ್ರೇಮೇ ಬೇಕಾ?

ಚಾಸಿ ಅಂದರೆ ಬಾಡಿಯನ್ನು ಹೊರುವ ಅಡಿಯ ಫ್ರೇಮ್. ಅದರಲ್ಲಿ ತುಕ್ಕು ಎಲ್ಲಿದೆ ಅನ್ನೋದರ ಮೇಲೆ ಉತ್ತರ ನಿಂತಿದೆ. ಬಹಳಷ್ಟು ಸಲ ವೆಲ್ಡಿಂಗ್ ಸಾಕು.

ಈ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಲ್ಲಿ ಮೊದಲು ಕೊಳೆಯುವುದು ಹಿಂದಿನ ಟ್ರೇಲಿಂಗ್ ಆರ್ಮ್ (ಹಿಂಚಕ್ರವನ್ನು ಫ್ರೇಮಿಗೆ ಹಿಡಿದಿಡುವ ತೋಳು) ಕೂರುವ ಜಾಗ. ಅಲ್ಲಿ ಫ್ರೇಮಿನ ಮೇಲೆ ಕೆಳಗೆ ತಗಡು ಹೊದಿಸಿದ್ದಾರೆ. ನಡುವೆ ನೀರು, ಕೆಸರು ಸೇರಿ ಒಳಗಿಂದಲೇ ತಿನ್ನುತ್ತದೆ. ಹೊರಗೆ ಪೇಂಟ್ ಚೆನ್ನಾಗೇ ಕಾಣಬಹುದು, ನಂಬಬೇಡಿ. ಸುತ್ತಿಗೆಯಿಂದ ತಟ್ಟಿ. ಗಟ್ಟಿ ಲೋಹ ಠಣ್ ಅನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ.

ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಕೂರಿಸುವ ಪಿನ್‌ಗಳನ್ನೂ ನೋಡಿ. ಮುಂದಿನ ಬಲಗಡೆಯದರ ಬುಡ ಸೀಳುವುದು ಜಾಸ್ತಿ. ಕ್ಲಚ್ ಬಿಟ್ಟಾಗ ಹಿಂದೆ ಟಕ್ ಅಂದರೆ ಮೊದಲ ಅನುಮಾನ ಅದರ ಮೇಲೇ. ಸುಮ್ನೆ ಸೀಳಿನ ಮೇಲೆ ವೆಲ್ಡ್ ಎಳೆದರೆ ಮತ್ತೆ ಬಿಡುತ್ತದೆ, ಬಲಪಡಿಸುವ ಪ್ಲೇಟ್ ಹಾಕಿಸಿ.

ಕತ್ತರಿಸುವ ಮೊದಲೇ ಮೂಲೆಯಿಂದ ಮೂಲೆಗೆ ಅಳೆದು ಬರೆದಿಡಿ. ಬಾಡಿ ಎತ್ತುವುದಾದರೆ ಬಾಗಿಲಿನ ಜಾಗಕ್ಕೆ ಅಡ್ಡ ಕಂಬಿ ಕೊಡಿ, ಇಲ್ಲದಿದ್ದರೆ ಬಾಡಿ ಮಡಚಿಕೊಂಡು ಬಾಗಿಲು ಕೂರುವುದೇ ಇಲ್ಲ. ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತಗಡು ಹಾಕಿ. ಒಂದೇ ಉಸಿರಿಗೆ ವೆಲ್ಡ್ ಎಳೆಯಬೇಡಿ, ಬಿಸಿಗೆ ಫ್ರೇಮ್ ತಿರುಚುತ್ತದೆ. ಚಿಕ್ಕ ಚಿಕ್ಕದಾಗಿ ಎಡಕ್ಕೊಂದು ಬಲಕ್ಕೊಂದು ಹಾಕಿ, ನಡುನಡುವೆ ಅಳೆಯಿರಿ. ಕೊನೆಗೆ ಪೊಳ್ಳು ಭಾಗದೊಳಗೆ ಮೇಣ ಸಿಂಪಡಿಸಿ.

ಫ್ರೇಮೇ ತಿರುಚಿ, ಅಳತೆ ತೀರಾ ತಪ್ಪಿದ್ದರೆ? ಆಗ ಬೇರೆ ಫ್ರೇಮ್ ತರುವುದೇ ಅಗ್ಗ.