ಅಮ್ಮನ ಮೂಳೆ ಮುರಿದರೆ ಮಗಳದೂ ಮುರಿಯಲೇಬೇಕೇ?

ಪ್ರಶ್ನೆ: ನಮ್ಮಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ದಮ್ಮಿಗೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರು. ನನಗೀಗ 49, ಮುಟ್ಟು ನಿಂತಿದೆ. ಮೂಳೆ ಸವೆತ ವಂಶದಲ್ಲೇ ಬರುವುದಾದರೆ ನಾನೇನು ಮಾಡಿ ಏನು ಪ್ರಯೋಜನ? ಎಪಿಜೆನೆಟಿಕ್ ಟೆಸ್ಟ್ ಮಾಡಿಸಲೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಆ ಟೆಸ್ಟ್ ಬೇಡ. ಮೂಳೆ ಸವೆತದ ಚಿಕಿತ್ಸೆ ನಿರ್ಧರಿಸಲು ಅಂಥ ಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲ. ಅದೇ ದುಡ್ಡಿನಲ್ಲಿ ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ) ಮಾಡಿಸಿ, ಸೊಂಟ ಮತ್ತು ಬೆನ್ನುಮೂಳೆ ಎರಡಕ್ಕೂ. ಶಿಬಿರಗಳಲ್ಲಿ ಹಿಮ್ಮಡಿ ಇಡಿಸಿ ನೋಡುವ ಯಂತ್ರದ ಫಲಿತಾಂಶವನ್ನೇ ನಂಬಿ ಕೂರಬೇಡಿ. ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕವೇ ಟಿ-ಸ್ಕೋರ್. ಅದು ಮೈನಸ್ 2.5 ಅಥವಾ ಇನ್ನೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ.

ವಂಶವಾಹಿಯ ಪಾಲು ದೊಡ್ಡದು, ನಿಜ. ಆದರೆ ವಂಶವಾಹಿ ಇದ್ದರೆ ಸಾಲದು, ಅದು ಕೆಲಸಕ್ಕೆ ಇಳಿಯಬೇಕು. ಡಿಎನ್‌ಎ ಬರಹ ಹಾಗೇ ಉಳಿದು, ಅದರ ಕೆಲಸ ಮಾತ್ರ ಶುರುವಾಗುವ, ನಿಲ್ಲುವ ಏರ್ಪಾಡೇ ಎಪಿಜೆನೆಟಿಕ್ಸ್. ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನು ಮೂಳೆ ಕಟ್ಟುವ ಕೆಲಸಕ್ಕೆ ತಡೆ ಹಾಕುತ್ತದೆ. ಮೂಳೆ ಕಟ್ಟುವ ಕೋಶಗಳಲ್ಲಿ ಅದರ ವಂಶವಾಹಿಯ ಮುಂಭಾಗಕ್ಕೆ ಮಿಥೈಲ್ ಗುಂಪುಗಳು ಎಂಬ ಪುಟ್ಟ ರಾಸಾಯನಿಕ ಗುರುತುಗಳು ಅಂಟಿಕೊಂಡು ಅದು ಮುಚ್ಚಿರುತ್ತದೆ. ಅದೇ ಕೋಶ ಮೂಳೆಯೊಳಗೆ ಹುದುಗಿ ಬಲಿತಾಗ ಮಿಥೈಲ್ ಕಳಚಿ, ಸ್ಕ್ಲೆರೋಸ್ಟಿನ್ ಹೊರಡುತ್ತದೆ. ಮೂಳೆಯ ಮೇಲೆ ಭಾರ ಬಿದ್ದಾಗ ಈ ಪ್ರೋಟೀನು ಇಳಿಯುತ್ತದೆ, ದಿನವಿಡೀ ಕೂತಿದ್ದರೆ ಏರುತ್ತದೆ. ಮೆಟ್ಟಿಲು, ಚುರುಕು ನಡಿಗೆ, ವಾರಕ್ಕೆ ಎರಡು ಮೂರು ದಿನ ತೂಕ ಎತ್ತುವ ವ್ಯಾಯಾಮ ಹೇಳುವುದು ಇದಕ್ಕೇ. ಆದರೆ ಮೂಳೆ ಟೊಳ್ಳಾಗಿರುವುದು ಸ್ಕ್ಯಾನ್‌ನಲ್ಲಿ ಕಂಡರೆ ಬೆನ್ನು ಬಗ್ಗಿಸಿ ಭಾರ ಎತ್ತಬೇಡಿ. ಬೆನ್ನುಮೂಳೆ ಕುಸಿಯುವುದು ಹೀಗೇ.

ನಿಮ್ಮ ತಾಯಿಯವರ ವಿಷಯದಲ್ಲಿ ಸ್ಟೀರಾಯ್ಡ್ ಮರೆಯಬೇಡಿ. ಮೂರು ತಿಂಗಳು ಮೀರಿ ನುಂಗಿದರೆ ಮೂಳೆ ಕಟ್ಟುವ ಕೋಶಗಳು ಕುಗ್ಗುತ್ತವೆ. ಅವರ ಮೂಳೆ ಮುರಿಯಲು ಅದರ ಪಾಲೂ ಇದ್ದೀತು, ಆ ಪಾಲು ನಿಮಗೆ ವಂಶದಿಂದ ಬರುವುದಿಲ್ಲ. ಹಾಗೆಂದು ಅವರ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ, ಪ್ರಾಣಕ್ಕೇ ಕುತ್ತು.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 360, ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 600 ಇದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸ್ವಲ್ಪ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಮುದ್ದೆಯೊಂದನ್ನೇ ನೆಚ್ಚಬೇಡಿ, ಮೊಸರು ಸೊಪ್ಪು ಜೊತೆಗಿರಲಿ. ಮಾತ್ರೆ ಬೇಕಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನು ಊಟದ ಜೊತೆ, ಒಂದು ಸಲಕ್ಕೆ 500 ಮಿ.ಗ್ರಾಂ ಮೀರದಂತೆ ತೆಗೆದುಕೊಳ್ಳಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಬಿಸಿಲೇ ಅಪರೂಪ, ಹಾಗಾಗಿ ವಿಟಮಿನ್ ಡಿ ಒಮ್ಮೆ ನೋಡಿಸಿ.

ಪ್ರಶ್ನೆ: ಸೊಸೆ ನಾಲ್ಕು ತಿಂಗಳ ಗರ್ಭಿಣಿ. ಈಗ ವಿಟಮಿನ್ ಡಿ ಕೊಟ್ಟರೆ ಮಗುವಿನ ಮೂಳೆ ಗಟ್ಟಿಯಾಗುತ್ತದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಇಂಗ್ಲೆಂಡಿನ ಮಾವಿಡೋಸ್ ಅಧ್ಯಯನದಲ್ಲಿ ಗರ್ಭಿಣಿಯರಿಗೆ ದಿನಕ್ಕೆ 1000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ ಕೊಟ್ಟರು. ಹುಟ್ಟಿದಾಗ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಚಳಿಗಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಮಾತ್ರ ಲಾಭ ಕಂಡಿತು. ನಾಲ್ಕನೇ ವರ್ಷದಲ್ಲಿ ಅಳೆದಾಗ ವಿಟಮಿನ್ ಡಿ ಪಡೆದ ತಾಯಂದಿರ ಮಕ್ಕಳಲ್ಲಿ ಮೂಳೆ ಸಾಂದ್ರತೆ ಹೆಚ್ಚಿತ್ತು. ಹೊಕ್ಕುಳಬಳ್ಳಿಯಲ್ಲಿ, ವಿಟಮಿನ್ ಡಿ ಕೆಲಸಕ್ಕೆ ನೆರವಾಗುವ ಆರ್‌ಎಕ್ಸ್‌ಆರ್‌ಎ ಎಂಬ ವಂಶವಾಹಿಯ ಮಿಥೈಲ್ ಕೂಡ ಕಡಿಮೆಯಾಗಿತ್ತು. ಆಶಾದಾಯಕವೇ, ಆದರೆ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾರಕ್ಕೊಂದರಂತೆ 60,000 ಐಯು ಸ್ಯಾಶೆಯನ್ನು ಅಂಗಡಿಯಿಂದ ತಂದು ನೀವೇ ಕೊಡಬೇಡಿ. ತಪಾಸಣೆಗೆ ಹೋದಾಗ ವೈದ್ಯರನ್ನೇ ಪ್ರಮಾಣ ಕೇಳಿ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿಸದೆ ಒಂದು ಬೆಳಿಗ್ಗೆ, ಒಂದು ರಾತ್ರಿ ಕೊಡಿ.